ಬೆಂಚಿನ ಆ ತುದಿ

ಸೋಲಾಪುರದಲ್ಲಿ ಪಿತೃಪಕ್ಷ ಬಂತೆಂದರೆ ಮದುವೆ ನಡೆಯುವ ಮಂಗಲ ಕಾರ್ಯಾಲಯಗಳನ್ನು ಕೇಳುವವರೇ ಇಲ್ಲ. ಮದುವೆ ಇಲ್ಲ, ನಿಶ್ಚಯ ಇಲ್ಲ, ಮನೆಗೆ ಹೊಸ ಕಸಬರಿಗೆ ತರುವುದಕ್ಕೂ ಜನ ಹಿಂದೆಮುಂದೆ ನೋಡುತ್ತಾರೆ. ಬ್ಯಾಂಡಿನವರು ತುತ್ತೂರಿಗೆ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿ ಮಲಗುತ್ತಾರೆ. ಅಂಥ ಹದಿನೈದು ದಿನದಲ್ಲೇ, ಅದೂ ಅಮಾವಾಸ್ಯೆಯ ಹಿಂದಿನ ದಿನವೇ ಜರ್ಮನಿಯ ಬಿಯರ್ ಹಬ್ಬ ಮಾಡುವ ಹುಕಿ ಶಂಕರೆಪ್ಪ ಸಾವಕಾರರಿಗೆ ಬಂತು. ಯಾರಾದರೂ ಹೇಳಬಾರದೆ? ಹೇಳಿದರು. "ಹಾಲ್ ಖಾಲಿ ಅದ, ಬ್ಯಾಂಡ್ ಖಾಲಿ ಅದ, ಮತ್ತೇನ್ ಬೇಕ?" ಎಂದು ಸಾವಕಾರರು ಅವರ ಬಾಯಿ ಮುಚ್ಚಿಸಿದರು.

ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸಾವಕಾರರದು ಟವೆಲ್ ಕಾರ್ಖಾನೆ. ಅವರ ಸರಕನ್ನು ಇಪ್ಪತ್ತು ವರ್ಷದಿಂದ ಕೊಳ್ಳುತ್ತಿದ್ದ ಕ್ರೇಮರ್ ಎಂಬ ಜರ್ಮನ್ ಮುದುಕ ಈ ಸಲ ಸೆಪ್ಟೆಂಬರಿನಲ್ಲೇ ಬಂದು ಇಲ್ಲಿ ಸಿಕ್ಕಿಕೊಂಡಿದ್ದ. ಅದೇ ಹೊತ್ತಿಗೆ ನಡೆಯುವ ತನ್ನೂರಿನ ಬಿಯರ್ ಹಬ್ಬವನ್ನು ನಲವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿಸಿರಲಿಲ್ಲವಂತೆ. ಈಗ ತಪ್ಪಿತಲ್ಲ ಎಂದು, ಊಟ ಬಿಟ್ಟ ಮಗುವಿನ ಹಾಗೆ ಮುಖ ಮಾಡಿಕೊಂಡು ತಿರುಗುತ್ತಿದ್ದ. ಹಳೆಯ ಗಿರಾಕಿ, ಸಾವಕಾರರಿಗೆ ನೋಡಲಾಗಲಿಲ್ಲ. ಪರವಾನಗಿ ತೆಗೆಸಿದರು, ಪುಣೆಯಿಂದ ಬಿಯರ್ ಪೀಪಾಯಿ ತರಿಸಿದರು, ಬಡಗಿ ಪೀರಪ್ಪನಿಗೆ ಕ್ರೇಮರನ ಕೈಯಿಂದಲೇ ಬೆಂಚಿನ ನಕ್ಷೆ ಬರೆಸಿ ಕೊಟ್ಟರು. ಕಾರ್ಖಾನೆಯ ಆಫೀಸಿನವರೆಲ್ಲ ಮಧ್ಯಾಹ್ನ ಹನ್ನೆರಡಕ್ಕೆ ತಪ್ಪದೆ ಬರಬೇಕು ಎಂದು ಅಪ್ಪಣೆಯಾಯಿತು.

ಶುಭಾಂಗಿಗೆ ಹೋಗುವ ಮನಸ್ಸಿರಲಿಲ್ಲ. ಅವಳ ಗಂಡ ಸೋಮೇಶ ಅದೇ ಕಾರ್ಖಾನೆಯಲ್ಲಿ ಇದ್ದವನು. ನಾಲ್ಕು ವರ್ಷದ ಹಿಂದೆ, ಮಳೆಗಾಲದ ಕೊನೆಯಲ್ಲಿ, ಒಂದು ಸಂಜೆ ಜೋರು ಮಳೆಯಲ್ಲೇ ಬೈಕ್ ಹತ್ತಿ ಅಕ್ಕಲಕೋಟದ ಮನೆಗೆ ಹೊರಟ. ಬೈಕು ಸಿಕ್ಕಿತು, ಹಳ್ಳದ ಸೇತುವೆಯ ಕಂಬಕ್ಕೆ ಒರಗಿಕೊಂಡು. ಅವನು ಸಿಗಲಿಲ್ಲ. ಮೂರು ದಿನ ಹಳ್ಳ ಜಾಲಾಡಿದರು, ಕೆಳಗೆ ಹೊಳೆಯವರೆಗೂ ಹೋಗಿ ಬಂದರು. ಒಂದು ಚಪ್ಪಲಿ ಸಹ ಕಾಣಲಿಲ್ಲ. ಆಮೇಲೆ ಸುದ್ದಿಗಳು ಹುಟ್ಟಿದವು. ಒಬ್ಬರು ಪಂಢರಪುರದಲ್ಲಿ ನೋಡಿದೆ ಅಂದರು. ಇನ್ನೊಬ್ಬರು ಪುಣೆಯ ಸ್ಟೇಷನ್ನಿನಲ್ಲಿ, ತಲೆಗೆ ಪೆಟ್ಟು ಬಿದ್ದವನಂತೆ ಅಡ್ಡಾಡುತ್ತಿದ್ದ, ಕರೆದರೆ ತಿರುಗಿ ನೋಡಲಿಲ್ಲ ಅಂದರು.

ಹೆಣ ಕಾಣದೆ ಸಾವನ್ನು ಒಪ್ಪುವುದು ಹೇಗೆ? ಶುಭಾಂಗಿ ಒಪ್ಪಲಿಲ್ಲ. ಕುಂಕುಮ ಅಳಿಸಲಿಲ್ಲ, ತಾಳಿ ತೆಗೆಯಲಿಲ್ಲ. ಅದೇ ಕಾರ್ಖಾನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಟವೆಲ್ಲಿನ ಅಂಚಿಗೆ ನಕ್ಷೆ ಬಿಡಿಸುವ ಕೆಲಸಕ್ಕೆ ಸೇರಿಕೊಂಡಳು. ದಿನಾ ಎಸ್.ಟಿ. ಬಸ್ಸಿನಲ್ಲಿ ಆ ಸೇತುವೆ ದಾಟುತ್ತಿದ್ದಳು, ದಾಟುವಾಗ ಮಾತ್ರ ಇನ್ನೊಂದು ಕಡೆಯ ಕಿಟಕಿ ನೋಡುತ್ತಿದ್ದಳು.

ವರ್ಷಕ್ಕೊಮ್ಮೆ, ಪಿತೃಪಕ್ಷ ಬಂದಾಗ, ಮನೆಯಲ್ಲಿ ಇದೇ ರಗಳೆ. ಸತ್ತವರ ಹೆಸರು ಹಿಡಿದು ಕರೆದು, ಎಲೆಯ ಮೇಲೆ ಅಡುಗೆ ಬಡಿಸಿ ಮಾಳಿಗೆಯ ಮೇಲೆ ಎಡೆ ಇಡಬೇಕು. ಕಾಗೆ ಬಂದು ಮುಟ್ಟಿದರೆ ಹೋದವರು ಉಂಡ ಹಾಗೆ. ಅಲ್ಲಿಯವರೆಗೆ ಮನೆಯವರು ಒಂದು ತುತ್ತು ಬಾಯಿಗೆ ಹಾಕುವಂತಿಲ್ಲ. ಅಪಘಾತದಲ್ಲಿ ಹೋದವರಿಗೆಂದೇ ಅಮಾವಾಸ್ಯೆಯ ಹಿಂದಿನ ಚತುರ್ದಶಿ ಇದೆ. ಆ ದಿನ ಬೆಳಿಗ್ಗೆ ಸೋಮೇಶನ ಸೋದರತ್ತೆ ಇಂದುಬಾಯಿಯ ಫೋನು ಬಂದೇ ಬಂತು.

"ಕಸ್ತೂರಾ, ಇವತ್ತ ಚತುರ್ದಶಿ. ಈ ವರ್ಷರೆ ಇಡ್ತಿಯೋ ಇಲ್ಲೋ? ನಮ್ಮ ಹುಡುಗ ಹಂಗ ಅಲೀಲೇನು?"

ಶುಭಾಂಗಿಯ ಅತ್ತೆ ಕಸ್ತೂರಬಾಯಿ ಫೋನನ್ನು ಎದೆಗೆ ಒತ್ತಿ ಹಿಡಿದು ಸೊಸೆಯ ಕಡೆ ತಿರುಗಿದಳು. ಪ್ರತಿ ವರ್ಷ ಹೀಗೆಯೇ. ಬಳಗದವರು ಎಷ್ಟು ಮೂಗು ಮುರಿದರೂ ಆಕೆಯದು ಒಂದೇ ಮಾತು, ನನ್ನ ಸೊಸಿ ಹ್ಞೂ ಅಂದ ದಿನ ಇಡತೀನಿ ಅಂತ.

"ಏನಂತಿ ಶುಭಾ?"

"ಇಲ್ರಿ ಅತ್ತಿ. ಅವರು ಅದಾರ."

"ಆತು ಬಿಡು." ಕಸ್ತೂರಬಾಯಿ ಫೋನಿಗೆ ಅದನ್ನೇ ಹೇಳಿ ಇಟ್ಟಳು. ಮುಖದಲ್ಲಿ ಸಿಟ್ಟಿಲ್ಲ, ಸಮಾಧಾನವೂ ಇಲ್ಲ. ಕೊತ್ತಂಬರಿ ಸೋಸುತ್ತ, "ನೀ ಅಲ್ಲಿ ಹೋಗಿ ಬಾ. ನಾಕು ಮಂದ್ಯಾಗ ಕುಂತ್ರ ಮನಸ ಹಗರಾಗ್ತದ" ಎಂದಳು. ಶುಭಾಂಗಿ ಅತ್ತೆಯ ಬಾಗಿದ ಬೆನ್ನು ನೋಡಿದಳು. ತಾನು ಒಮ್ಮೆ ಹ್ಞೂ ಅಂದುಬಿಟ್ಟರೆ ಈ ಮುದುಕಿ ಉಳಿಯುವಳೆ? ತನಗಾಗಿ ಅಲ್ಲದಿದ್ದರೂ ಇವಳಿಗಾಗಿಯಾದರೂ ಸೋಮೇಶ ಬದುಕಿರಬೇಕು. ಹಾಗಂದುಕೊಂಡೇ ಅವಳು ಹತ್ತು ಗಂಟೆಯ ಬಸ್ಸು ಹಿಡಿದಳು.

ಮಂಗಲ ಕಾರ್ಯಾಲಯದ ಹಿಂದಿನ ಬಯಲಿನಲ್ಲಿ ನಾಲ್ಕೂ ಕಡೆ ತೆರೆದ ದೊಡ್ಡ ಪೆಂಡಾಲು. ಮೇಲೆ ನೀಲಿ-ಬಿಳಿ ಬಟ್ಟೆ ಇಳಿಬಿಟ್ಟಿದ್ದರು. ಕಾರ್ಖಾನೆಯಲ್ಲೇ ನೇಯ್ದದ್ದು, ಹಾಗಾಗಿ ದೂರದಿಂದ ನೋಡಿದರೆ ಟವೆಲ್ ಒಣಹಾಕಿದ ಹಾಗಿತ್ತು. ಕೆಳಗೆ ಉದ್ದುದ್ದ ಮೇಜು, ಅದರ ಎರಡೂ ಬದಿ ಉದ್ದುದ್ದ ಬೆಂಚು. ತಟ್ಟೆಯಲ್ಲಿ ಬೇಕರಿಯವನು ಫೋಟೋ ನೋಡಿ ಗಂಟು ಹಾಕಿದ ಉಪ್ಪುಪ್ಪು ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಪಕ್ಕದಲ್ಲಿ ನಮ್ಮ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಬಿಯರಿಗೆ ಕ್ರೇಮರ್ ತನ್ನೂರಿನಿಂದ ಪೆಟ್ಟಿಗೆಗಟ್ಟಲೆ ಮಗ್ ತರಿಸಿಕೊಂಡಿದ್ದ. ಉಪ್ಪಿನಕಾಯಿ ಭರಣಿಯ ಜಾತಿಯವು, ದಪ್ಪ, ಬೂದು ಬಣ್ಣದವು. ಒಳಗೆ ಎಷ್ಟಿದೆ ಎಂದು ಹೊರಗಿನಿಂದ ಕಾಣುವಂತಿರಲಿಲ್ಲ.

ಶುಭಾಂಗಿಯನ್ನು ಕಂಡದ್ದೇ ಸಿದ್ಧರಾಮ ಎರಡೂ ಕೈ ಎತ್ತಿ ಕೂಗಿದ. "ವೈನೀ, ಈ ಕಡಿ ಬರ್ರಿ, ಈ ಕಡಿ!" ಅವನು ಸೋಮೇಶನ ಜೀವದ ಗೆಳೆಯ, ಸಾಲೆಯಿಂದ ಒಂದೇ ಬೆಂಚಿನವನು, ಶುಭಾಂಗಿಗೆ ಮೈದುನನ ಹಾಗೆ, ಅವಳನ್ನು ಅತ್ತಿಗೆ ಎಂದೇ ಕರೆಯುವವನು. ಜೊತೆಗೆ ಲೆಕ್ಕ ವಿಭಾಗದ ಯುವರಾಜ, ಅವನ ಹೆಂಡತಿ ಪ್ರಣಿತಾ. ಈ ಮೂವರೇ ನಾಲ್ಕು ವರ್ಷ ಅವಳನ್ನು ಹಬ್ಬಕ್ಕೆ, ಸಿನಿಮಾಕ್ಕೆ ಎಳೆದುಕೊಂಡು ಹೋಗುತ್ತ ಬಂದವರು. ಗಂಡಸರಿಬ್ಬರೂ ಮೇಜಿನ ಆಚೆ ಬದಿಗೆ ಕೂತರು, ಹೆಂಗಸರು ಈಚೆಗೆ. ಶುಭಾಂಗಿ ಬೆಂಚಿನ ತುದಿಗೆ, ಪ್ರಣಿತಾ ನಡುವಿಗೆ. ಆ ಇನ್ನೊಂದು ತುದಿ ಖಾಲಿ.

ಪ್ರಣಿತಾ ಕೈತೊಳೆಯಲು ಎದ್ದದ್ದೇ ತಡ, ಶುಭಾಂಗಿಯ ಕಡೆಯ ಬೆಂಚು ಧಡ್ಡನೆ ಕುಸಿದು, ಆಚೆ ತುದಿ ಆಕಾಶ ನೋಡಿತು. ಅವಳು ಮೇಜು ಹಿಡಿದುಕೊಂಡದ್ದಕ್ಕೆ ನೆಲ ಕಾಣಲಿಲ್ಲ.

"ಅಯ್ಯ ನಿನ್ನ, ಪೀರಪ್ಪಾ!" ಸಿದ್ಧರಾಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಇದೇನ್ ಬೆಂಚ್ ಮಾಡಿಯೋ, ತಕ್ಕಡಿ ಮಾಡಿಯೋ?"

"ಸಾಹೇಬ್ರು ಬರಕೊಟ್ಟಂಗ ಕಾಲು ಒಳಗ ಹಾಕೀನ್ರಿ," ಎಂದು ಪೀರಪ್ಪ ಗೊಣಗಿದ. "ಒಂದ ತುದಿಗಿ ಒಬ್ರ ಕುಂತ್ರ ಏಳೂದ. ಎರಡೂ ಕಡಿ ಮಂದಿ ಇರಬೇಕು." ಮಧ್ಯಾಹ್ನವೆಲ್ಲ ಅಲ್ಲಲ್ಲಿ ಯಾರಾದರೊಬ್ಬರು ಬೀಳುವುದು, ಉಳಿದವರು ಹೋ ಎನ್ನುವುದು ನಡೆದೇ ಇತ್ತು. ಒಬ್ಬರು ಏಳುವ ಮೊದಲು ತುದಿಯವರಿಗೆ ಹೇಳಿ ಏಳಬೇಕೆಂದು ಎಲ್ಲರೂ ಕಲಿತರು.

ಕ್ರೇಮರ್ ಮರದ ಸುತ್ತಿಗೆಯಿಂದ ಪೀಪಾಯಿಗೆ ನಲ್ಲಿ ಬಡಿದ. ನೊರೆ ಚಿಮ್ಮಿ ಸಾವಕಾರರ ಬಿಳಿ ಅಂಗಿ ತೊಯ್ದಿತು. ಮದುವೆ ಬ್ಯಾಂಡಿನವರು ಮೊಬೈಲಿನಲ್ಲಿ ಕೇಳಿ ಕಲಿತ ಜರ್ಮನ್ ಹಾಡು ಬಾರಿಸಿದರು, ಆದರೆ ಕೈಯಲ್ಲಿ ರೂಢಿ ಕೂತುಬಿಟ್ಟಿದೆಯಲ್ಲ, ಎರಡು ಸಾಲಿಗೊಮ್ಮೆ ಅದು ಮದುವೆ ಮೆರವಣಿಗೆಯ ವರಾತದ ಧಾಟಿಗೆ ಜಾರುತ್ತಿತ್ತು. ಮುದುಕನಿಗೆ ಅಷ್ಟೇ ಸಾಕಾಯಿತು, ಕಣ್ಣು ಒರೆಸಿಕೊಂಡ. ಶುಭಾಂಗಿಯೂ ನಕ್ಕಳು. ನಿಂಬೆ ಸೋಡಾ ಹಿಡಿದು ಗೆಳೆಯರ ನಡುವೆ ಕೂತು, ಅತ್ತೆ ಹೇಳಿದ್ದು ಸುಳ್ಳಲ್ಲ, ಮನಸ್ಸು ಹಗುರಾಯಿತು ಎಂದುಕೊಂಡಳು.

ಅಷ್ಟರಲ್ಲಿ ಸಿದ್ಧರಾಮನ ಕಣ್ಣು ಕ್ರೇಮರನ ಮೇಜಿನ ಮೇಲೆ ಬಿತ್ತು. ಅಲ್ಲೊಂದು ಖಾಲಿ ಜಾಗದ ಮುಂದೆ ತುಂಬಿದ ಮಗ್ ಇತ್ತು, ಯಾರೂ ಮುಟ್ಟುತ್ತಿರಲಿಲ್ಲ. ಇವನು ಸುಮ್ಮನಿರುವ ಆಸಾಮಿಯೆ? ಎದ್ದು ಹೋಗಿ ಕೇಳಿಯೇ ಬಂದ.

"ಏನಂತ ಗೊತ್ತದ ಏನು? ಅವ್ರ ಗೆಳೆಯರ ಪದ್ಧತಿ ಅಂತ ಅದು. ಬರಬೇಕಾದಂವ ಯಾರರೆ ಬರಲಿಲ್ಲಂದ್ರ ಅವನ ಹೆಸರಲೆ ಒಂದು ಮಗ್ ತುಂಬಿ ಇಡ್ತಾರಂತ. ಮೇಜು ಏಳೂ ತನಕ ಯಾರೂ ಮುಟ್ಟಂಗಿಲ್ಲಂತ." ಅವನ ದನಿ ಒಮ್ಮೆಲೆ ಒದ್ದೆಯಾಯಿತು. "ಹಂಗಾದ್ರ ನಮ್ಮ ಸೋಮ್ಯಾಂದೂ ಒಂದು ಆಗಬೇಕು. ಅಂವ ಇದ್ದಿದ್ರ ಇವತ್ತ ಎಲ್ಲಾರಕಿನಾ ಮೊದಲ ಬರ್ತಿದ್ದ."

ತಡೆಯುವ ಮೊದಲೇ ಅವನು ಮಗ್ ತುಂಬಿಸಿ ತಂದು, ಆ ಖಾಲಿ ತುದಿಯ ಎದುರಿಗೆ ಮೇಜಿನ ಮೇಲೆ ಇಟ್ಟ. ಬರೀ ಮಗ್ ಇಟ್ಟರೆ ಏನು ಚಂದ ಎಂದು ಒಂದು ಪತ್ರಾವಳಿ ಎಲೆ ಹಾಸಿದ. ಅದರ ಮೇಲೆ ರೊಟ್ಟಿ ಮುರಿದು ಹಾಕಿದ, ಚಟ್ನಿ ಇಟ್ಟ, ಒಂದು ಆಲೂಗಡ್ಡೆ ಇಟ್ಟ. ಕೈ ಮುಗಿಯಲಿಲ್ಲ, ಅಷ್ಟೇ ಬಾಕಿ. ಆಮೇಲೆ ತನ್ನ ಮಗ್ ಎತ್ತಿ ಹಿಡಿದು ಕೂಗಿದ.

"ಸೋಮೇಶಾ, ಬಾರಪಾ! ಬಾ, ಕುಂದ್ರು, ಉಣ್ಣು!"

ಶುಭಾಂಗಿ ಕೈಯಲ್ಲಿದ್ದ ಸೋಡಾ ಕೆಳಗಿಟ್ಟಳು. ಚತುರ್ದಶಿಯ ದಿನ, ಹೆಸರು ಹಿಡಿದು ಕರೆದು, ಎಲೆ ಹಾಕಿ ಬಡಿಸಿಬಿಟ್ಟನಲ್ಲ ಈ ಪುಣ್ಯಾತ್ಮ! ಬದುಕಿರುವವನಿಗೆ ಯಾರಾದರೂ ಹೀಗೆ ಮಾಡುತ್ತಾರೆಯೇ?

"ಭಾವುಜಿ, ತಗೀರಿ ಅದನ್ನ."

"ಯಾಕ ವೈನಿ? ಬಂದಾಗ ಕುಡೀತಾನ ಬಿಡ್ರಿ."

"ಇವತ್ತ ದಿನಾ ಯಾವ್ದರಿ?"

ಸಿದ್ಧರಾಮ ಬೆರಳು ಮಡಚಿ ಎಣಿಸಿದ. ಅವನ ಮುಖದ ಬಣ್ಣ ಇಳಿದುಹೋಯಿತು. ಯುವರಾಜ, ಪ್ರಣಿತಾ ಒಬ್ಬರ ಮುಖ ಒಬ್ಬರು ನೋಡಿದರು. "ಅಯ್ಯಯ್ಯ, ನನ್ನ ಬಾಯಿಗಿ ಮಣ್ಣ ಹಾಕ, ವೈನಿ, ನಾ ಹಂಗ ತಿಳದು..." ಎಂದು ಅವನು ಎಲೆಗೆ ಕೈ ಹಾಕಿದ. ಆದರೆ ಅರ್ಧಕ್ಕೇ ಕೈ ನಿಂತಿತು. ಹಾಕಿದ ಎಲೆಯನ್ನು ತೆಗೆಯುವುದು ಹೇಗೆ? ಕರೆಸಿಕೊಂಡವನು ಬಾಗಿಲಿಗೆ ಬಂದು ಹಸಿದು ಹೋಗುತ್ತಾನೆ ಎನ್ನುತ್ತಾರೆ. ಇಟ್ಟರೆ ಅವನು ಸತ್ತವನು, ತೆಗೆದರೆ ಹಸಿದವನು. ಶುಭಾಂಗಿಗೂ ತೆಗೆ ಎಂದು ಇನ್ನೊಮ್ಮೆ ಹೇಳುವ ಬಾಯಿ ಬರಲಿಲ್ಲ.

"ಹಂಗ ಇರ್ಲಿ. ಯಾರೂ ಆ ಕಡಿ ನೋಡಬ್ಯಾಡ್ರಿ," ಎಂದಳು ಪ್ರಣಿತಾ ಕೊನೆಗೆ.

ನೋಡಬೇಡ ಎಂದರೆ ಕಣ್ಣು ಕೇಳುತ್ತದೆಯೆ? ಶುಭಾಂಗಿ ಕಳ್ಳಗಣ್ಣಿನಿಂದ ನೋಡಿದಳು. ಉಳಿದವರ ಮಗ್ಗಿನ ನೊರೆ ಆಗಲೇ ಸತ್ತು ಅಂಚಿಗೆ ಅಂಟಿತ್ತು. ಆ ಮಗ್ಗಿನದು ಮಾತ್ರ ಈಗ ಸುರಿದ ಹಾಗೆ ನಿಂತೇ ಇತ್ತು. ಗಾಳಿ ನಿಂತಿತ್ತು, ಮೇಲಿನ ನೀಲಿ-ಬಿಳಿ ಬಟ್ಟೆ ಅಲುಗುತ್ತಿರಲಿಲ್ಲ. ಪೆಂಡಾಲಿನ ಕಬ್ಬಿಣದ ಕೊಳವೆಯ ಮೇಲೆ ಸಾಲಾಗಿ ಕಾಗೆಗಳು ಕೂತಿದ್ದವು. ಪಿತೃಪಕ್ಷದಲ್ಲಿ ಕಾಗೆಗಳಿಗೆ ಸುಗ್ಗಿ, ಊರೆಲ್ಲ ಉಂಡು ಗದ್ದಲ ಹಾಕುವ ಕಾಲ ಅದು. ಇವು ಮಾತ್ರ ಒಂದೂ ಕೂಗುತ್ತಿರಲಿಲ್ಲ.

ಬ್ಯಾಂಡು ಜೋರಾಯಿತು. ಸಾವಕಾರರೇ ನಡುವೆ ನಿಂತು ಎಲ್ಲರನ್ನೂ ಕುಣಿಯಲು ಎಬ್ಬಿಸತೊಡಗಿದರು. ಈ ಮೇಜಿನಿಂದ ಏಳಲು ಯುವರಾಜನಿಗೆ ನೆಪ ಬೇಕಾಗಿತ್ತು, ಹೆಂಡತಿಯ ಕೈ ಹಿಡಿದೆಳೆದ. ಸಿದ್ಧರಾಮನನ್ನು ಸಾವಕಾರರೇ ಕೊರಳಿಗೆ ಕೈ ಹಾಕಿ ಒಯ್ದರು. "ನೀವೂ ಬರ್ರಿ ಶುಭಾ" ಎಂದು ಪ್ರಣಿತಾ ಕರೆದಳು. ಶುಭಾಂಗಿ ಒಲ್ಲೆ ಎಂದು ತಲೆ ಆಡಿಸಿದಳು.

ಪ್ರಣಿತಾ ಎದ್ದಳು. ಈ ಸಲ ಶುಭಾಂಗಿ ಜಾಣಳಾಗಿದ್ದಳು. ಎರಡೂ ಕಾಲು ನೆಲಕ್ಕೆ ಒತ್ತಿ, ಮೇಜು ಹಿಡಿದು, ಬೆಂಚು ಕುಸಿಯುವುದನ್ನು ಕಾದಳು.

ಬೆಂಚು ಕುಸಿಯಲಿಲ್ಲ.

ಪೀರಪ್ಪ ಯಾವಾಗಲೋ ಬಂದು ಸರಿ ಮಾಡಿರಬೇಕು ಎಂದುಕೊಂಡಳು. ಬಗ್ಗಿ ನೋಡಿದಳು: ಕಾಲುಗಳು ಇದ್ದಲ್ಲೇ ಇದ್ದವು, ಒಳಗೆ. ಮೆಲ್ಲಗೆ ತನ್ನ ಪಾದ ನೆಲದಿಂದ ಎತ್ತಿದಳು. ಹಲಗೆ ಮಟ್ಟಸವಾಗಿ ಹಾಗೇ ಇತ್ತು. ಇನ್ನೂ ತುದಿಗೆ, ಅರ್ಧ ಮೈ ಹೊರಗಿರುವಷ್ಟು ತುದಿಗೆ ಸರಿದಳು. ಅಲುಗಲಿಲ್ಲ. ಮಗ್, ಎಲೆ ಎಲ್ಲ ಇದ್ದದ್ದು ಮೇಜಿನ ಮೇಲೆ. ಬೆಂಚಿನ ಮೇಲೆ ಅವಳ ಹೊರತು ಏನೂ ಇರಲಿಲ್ಲ. ಒಬ್ಬಳು ಹೆಂಗಸನ್ನು ಎತ್ತಿ ಹಿಡಿಯಬೇಕಾದರೆ ಆ ತುದಿಗೆ ಒಬ್ಬ ಆಳಿನ ಭಾರ ಬೇಕು.

ಅವಳಿಗೆ ಓಡಬೇಕೆನಿಸಿತು. ಹತ್ತು ಹೆಜ್ಜೆಯಾಚೆ ಐವತ್ತು ಜನ ಕುಣಿಯುತ್ತಿದ್ದರು, ಮೇಲೆ ಸುಡುಸುಡು ಬಿಸಿಲು. ಇಂಥ ಹಾಡುಹಗಲಿನಲ್ಲಿ ಕೂಗಿದರೆ ಏನೆಂದು ಕೂಗುವುದು?

ಆಗ ಹಲಗೆ ನಡುಗತೊಡಗಿತು. ಬ್ಯಾಂಡಿನ ತಾಳಕ್ಕಲ್ಲ. ಅದಕ್ಕಿಂತ ಚುರುಕಾಗಿ, ಸಣ್ಣಗೆ, ಒಂದೇ ಸಮ ಟಕಟಕ ಎಂದು. ಶುಭಾಂಗಿಗೆ ಆ ನಡುಕ ಗೊತ್ತಿತ್ತು. ಸೋಮೇಶ ಎಲ್ಲಿ ಕೂತರೂ ಬಲಗಾಲು ಕುಣಿಸುವನು. ಮಂಚದ ಮೇಲೆ, ಬಸ್ಸಿನಲ್ಲಿ, ಮದುವೆಯ ಹಸೆಯ ಮೇಲೂ. ಕಾಲು ಕುಣಿಸಿದರೆ ಮನೆಗೆ ದರಿದ್ರ ಎಂದು ಅತ್ತೆ ಬೈಯುವಳು. ಅವನು ನಗುವನು, ನಿಲ್ಲಿಸುತ್ತಿರಲಿಲ್ಲ. ತಾಟು ಮುಂದೆ ಬಂದಾಗ ಮಾತ್ರ ಆ ಕಾಲು ತಾನಾಗಿ ನಿಲ್ಲುವುದು.

ಹೆದರಿಕೆ ಎಲ್ಲಿಗೆ ಹೋಯಿತೋ. ನಾಚಿಕೆ ಬಿಟ್ಟು ಹೇಳಬೇಕೆಂದರೆ, ಅವಳಿಗೆ ಸಂತೋಷವಾಯಿತು. ನಾಲ್ಕು ವರ್ಷದಲ್ಲಿ ಆಗದಷ್ಟು ಸಂತೋಷ. ತಿರುಗಿ ನೋಡಲಿಲ್ಲ, ನೋಡಿದರೆ ಇರುವುದಿಲ್ಲವೆಂಬುದು ಅವಳಿಗೆ ಹೇಗೋ ತಿಳಿದಿತ್ತು. ಎದುರಿಗಿದ್ದ ಸೋಡಾ ಗ್ಲಾಸನ್ನೇ ನೋಡುತ್ತ ಪಿಸುಗುಟ್ಟಿದಳು.

"ಯಾವಾಗ ಬಂದ್ರಿ?"

ಹಲಗೆ ನಡುಗುತ್ತಲೇ ಇತ್ತು.

"ಇಷ್ಟ್ ದಿನಾ ಎಲ್ಲಿದ್ರಿ? ನಾ ಎಷ್ಟ್ ಹಾದಿ ನೋಡೀನಿ."

ತಾನು ಏಳದಿದ್ದರಾಯಿತು, ಇವರೂ ಏಳುವುದಿಲ್ಲ ಎಂದುಕೊಂಡಳು. ಹಬ್ಬ ಮುಗಿಯಲಿ, ದೀಪ ಆರಲಿ, ಪೆಂಡಾಲು ಬಿಚ್ಚಲಿ, ತಾನು ಈ ಬೆಂಚಿನ ಮೇಲೆ ಕೂತೇ ಇರುವುದು. ಹಾಗಂದುಕೊಂಡ ಮರುಗಳಿಗೆಯೇ ಇನ್ನೊಂದು ಹೊಳೆಯಿತು. ಪುಣೆಯ ಸ್ಟೇಷನ್ನಿನಲ್ಲಿ ಅಡ್ಡಾಡುವ ಗಂಡ ಹೀಗೆ ಬಂದು ಕೂರುವುದಿಲ್ಲ. ಪಂಢರಪುರದಿಂದ ಬರುವವನಿಗೆ ಮೈಯಿರುತ್ತದೆ, ಚೀಲವಿರುತ್ತದೆ, ಮುಖವಿರುತ್ತದೆ. ಬರೀ ಭಾರ ಮಾತ್ರ ಉಳಿದವನು ಎಲ್ಲಿಂದ ಬಂದಿದ್ದಾನೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕಣ್ಣೀರು ಸೋಡಾದೊಳಗೆ ಬಿತ್ತು.

ಹಾಡು ಮುಗಿದು ಮೂವರೂ ಏದುಸಿರು ಬಿಡುತ್ತ ಬಂದರು. ಪ್ರಣಿತಾ ಕೂರಲು ಬಂದವಳು ಶುಭಾಂಗಿಯ ಮುಖ ನೋಡಿ ನಿಂತಲ್ಲೇ ನಿಂತಳು. ಆಮೇಲೆ ಬೆಂಚು ನೋಡಿದಳು. ತುದಿಯಲ್ಲಿ ಒಬ್ಬಳೇ ಕೂತಿದ್ದಾಳೆ, ಕಾಲು ನೆಲಕ್ಕೆ ತಾಗಿಲ್ಲ, ಬೆಂಚು ಮಟ್ಟಸವಾಗಿದೆ. "ಯವ್ವಾ..." ಎಂದು ಪ್ರಣಿತಾ ಗಂಡನ ತೋಳು ಹಿಡಿದುಕೊಂಡಳು.

ಅದೇ ಹೊತ್ತಿಗೆ ಕೊಳವೆಯ ಮೇಲಿಂದ ಒಂದು ಕಾಗೆ ಇಳಿದು ಬಂತು. ಮೇಜಿನ ಮೇಲೆ ಎರಡು ಹೆಜ್ಜೆ ಹಾಕಿತು. ಹಾರಿ ಆ ಮಗ್ಗಿನ ಅಂಚಿನ ಮೇಲೆ ಕೂತಿತು, ಕೊರಳು ಓರೆ ಮಾಡಿ ಶುಭಾಂಗಿಯನ್ನು ನೋಡಿತು. ಕುಡಿಯಲಿಲ್ಲ, ಸುಮ್ಮನೆ ನೋಡುತ್ತ ಕೂತಿತು.

"ಹುಶ್!" ಸಿದ್ಧರಾಮ ಹೆಗಲ ಮೇಲಿನ ಟವೆಲ್ ಎಳೆದು ಬೀಸಲು ಕೈ ಎತ್ತಿದ. "ವೈನಿ, ಹೆದರಬ್ಯಾಡ್ರಿ, ಓಡಸ್ತೀನಿ ನಾ. ಅದು ಮುಟ್ಟಧಂಗ ನೋಡ್ಕೋತೀನಿ."

ಒಂದು ಬೀಸು ಸಾಕಿತ್ತು. ಕಾಗೆ ಹಾರಿಹೋಗುತ್ತಿತ್ತು, ಎಡೆ ಮುಟ್ಟಿರುವುದಿಲ್ಲ, ಮುಟ್ಟದ ಎಡೆ ಎಡೆಯೇ ಅಲ್ಲ. ಸಂಜೆ ಮನೆಗೆ ಹೋಗಿ ಅತ್ತೆಯ ಎದುರು ಎಂದಿನಂತೆ ಅವರು ಅದಾರ ಎನ್ನಬಹುದಿತ್ತು. ಶುಭಾಂಗಿಯ ಬಾಯಲ್ಲಿ ಹ್ಞೂ, ಓಡಸ್ರಿ ಎಂಬ ಮಾತು ಬಂದೂ ಬಿಟ್ಟಿತ್ತು.

ಆಗ ಹಲಗೆಯ ನಡುಕ ನಿಂತಿತು.

ತಾಟು ಮುಂದೆ ಬಂದವನ ಕಾಲು ಅದು. ಉಣ್ಣಲು ಕೂತಿದ್ದಾನೆ. ಇವಳು ಹ್ಞೂ ಅನ್ನುವುದನ್ನೇ ಕಾಯುತ್ತಿದ್ದಾನೆ.

"ತಡೀರಿ ಭಾವುಜಿ," ಎಂದಳು. ಕೈ ಚಾಚಿ ಸಿದ್ಧರಾಮನ ಟವೆಲ್ ಹಿಡಿದು ಕೆಳಗಿಳಿಸಿದಳು. "ಯಾರೂ ಹುಶ್ ಅನಬ್ಯಾಡ್ರಿ."

"ವೈನೀ..."

ಅವಳು ಮೊದಲ ಸಲ ಆ ತುದಿಯ ಕಡೆ ತಿರುಗಿದಳು. ಯಾರೂ ಇರಲಿಲ್ಲ. ಇದ್ದವನಿಗೆ ಬಡಿಸುವ ಹಾಗೆಯೇ, ಸೆರಗು ಸರಿಮಾಡಿಕೊಂಡು ಹೇಳಿದಳು: "ಉಣ್ರಿ. ಸಾವಕಾಶ ಉಣ್ರಿ. ನಾ ಏನೂ ಅನ್ನಂಗಿಲ್ಲ. ಉಂಡು... ಹೋಗಿ ಬರ್ರಿ."

ಕಾಗೆ ತಲೆ ಬಗ್ಗಿಸಿ ನೊರೆಯೊಳಗೆ ಕೊಕ್ಕು ಅದ್ದಿತು. ಒಮ್ಮೆ, ಎರಡು ಸಲ, ಮೂರು ಸಲ. ಎಲೆಯ ಮೇಲಿಳಿದು ಚಟ್ನಿ ಮೆತ್ತಿದ ರೊಟ್ಟಿಯ ತುಂಡನ್ನು ಕಚ್ಚಿಕೊಂಡು ಪೆಂಡಾಲಿನಾಚೆ, ಅಕ್ಕಲಕೋಟದ ದಿಕ್ಕಿಗೆ ಹಾರಿಹೋಯಿತು. ಅದು ಹಾರಿದ್ದೇ ಬೆಂಚಿನ ಆ ತುದಿ ಬಡಕ್ಕನೆ ಮೇಲೆದ್ದಿತು. ಶುಭಾಂಗಿ ನೆಲಕ್ಕೆ ಬಿದ್ದಳು.

ದೂರದ ಮೇಜಿನವರು ಹೋ ಎಂದು ನಕ್ಕು ಚಪ್ಪಾಳೆ ತಟ್ಟಿದರು. ಈ ಮೇಜಿನಲ್ಲಿ ಯಾರೂ ನಗಲಿಲ್ಲ. ಪ್ರಣಿತಾ ಅವಳನ್ನು ಅಪ್ಪಿ ಎಬ್ಬಿಸಿದಳು. ಸಿದ್ಧರಾಮ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು, ನಾಲ್ಕು ವರ್ಷದಲ್ಲಿ ಒಮ್ಮೆಯೂ ಯಾರ ಎದುರೂ ಅಳದವನು, ಬಿಕ್ಕಿ ಬಿಕ್ಕಿ ಅತ್ತ. ಯುವರಾಜ ಮಗ್ಗಿನೊಳಗೆ ಇಣುಕಿದ. ಏನು ಕಂಡನೋ, ಬೇರೆಯವರಿಗೆ ಕಾಣದಂತೆ ಅದನ್ನು ಬೋರಲು ಹಾಕಿದ. ಮೇಜಿನ ಮೇಲೆ ಒಂದು ಹನಿಯೂ ಚೆಲ್ಲಲಿಲ್ಲ.

ಶುಭಾಂಗಿ ಕಾರ್ಯಾಲಯದ ಗೇಟಿನ ಹೊರಗೆ, ರಸ್ತೆ ಬದಿಯ ಬೇವಿನ ನೆರಳಿಗೆ ಬಂದು ನಿಂತಳು. ಹೇಳಬೇಕಾಗಿತ್ತು, ಈಗಲೇ ಹೇಳಬೇಕಾಗಿತ್ತು. ಸಂಜೆಯಾದರೆ ಧೈರ್ಯ ಇರುವುದಿಲ್ಲ. ಮುದುಕಿ ಒಬ್ಬಳೇ ಇದ್ದಾಳೆ, ಎದೆಯೊಡೆದರೆ ಹಿಡಿಯಲು ಯಾರೂ ಇಲ್ಲ ಎಂದು ಬೆರಳು ಎರಡು ಸಲ ಹಿಂದೆ ಸರಿಯಿತು. ಮೂರನೆಯ ಸಲ ಫೋನು ಹಚ್ಚಿದಳು.

"ಅತ್ತಿ, ಕುಂತೀರೇನು? ಕುಂದರ್ರಿ ಒಂದೀಟು."

"ಕುಂತೀನಿ, ಹೇಳು."

"ಅತ್ತಿ, ಅವರ ಹೆಸರಲೆ ಎಡಿ ಇಡ್ರಿ. ಇನ್ನೂ ಹೊತ್ತದ. ನಾ..." ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿದಳು. "ನಾ ಹ್ಞೂ ಅಂತೀನಿ."

ಆ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸಪ್ಪಳವಾಯಿತು. ಶುಭಾಂಗಿ ಗಾಬರಿಯಾಗಿ ಅತ್ತಿ, ಅತ್ತಿ ಎಂದಳು.

"ಇಟ್ಟೀನವ್ವಾ," ಎಂದಳು ಕಸ್ತೂರಬಾಯಿ. "ನೀ ಬಸ್ಸಿಗಿ ಹೋದ ಮ್ಯಾಲ ಅಡಗಿ ಮಾಡಿ ಇಟ್ಟೀನಿ. ಹ್ವಾದ ವರ್ಷನೂ ಇಟ್ಟಿದ್ದೆ. ಅದರ ಹಿಂದಿನ ವರ್ಷನೂ ಇಟ್ಟಿದ್ದೆ. ಮೊದಲನೇ ವರ್ಷದಿಂದ ಇಡಾಕತ್ತೀನಿ, ನಿನಗ ಗೊತ್ತಾಗಧಂಗ."

ಶುಭಾಂಗಿ ಬೇವಿನ ಬೇರಿನ ಮೇಲೆ ಕೂತುಬಿಟ್ಟಳು.

"ಹೊತ್ತು ಮುಳುಗೂ ತನಕ ಮಾಳಗಿ ಮ್ಯಾಲ ಕುಂದ್ರತಿದ್ದೆ. ಮಗ್ಗಲ ಮನಿ ಎಡಿ ಕಾಗಿ ಕಿತ್ತಾಡಿ ತಿಂತಿದ್ವು, ನಂದು ಮೂಸಿ ಸುದ್ದಾ ನೋಡ್ತಿದ್ದಿಲ್ಲ. ಕೈ ಮುಗದು ಕೇಳ್ಕೊಂಡ್ರೂ ಬರ್ತಿದ್ದಿಲ್ಲ. ಕಡೀಕ ಆಕಳಕ ಹಾಕಿ ಇಳದು ಬರ್ತಿದ್ದೆ."

"ನನಗ ಯಾಕ ಹೇಳ್ಲಿಲ್ರಿ ಅತ್ತಿ?"

"ಹೆಂಗ ಹೇಳ್ಲಿ? ನೀ ಅದಾರ ಅದಾರ ಅಂತ ಸೆರಗನ್ಯಾಗ ಗಂಟ ಹಾಕ್ಕೊಂಡು ಕುಂತಿದ್ದಿ. ಕಟಗೊಂಡಾಕಿನ ಬಿಡಲಿಲ್ಲಂದ್ರ ಅಂವ ಹೆಂಗ ಬಂದು ಉಣಬೇಕು?" ಮುದುಕಿಯ ದನಿಯಲ್ಲಿ ಬೈಗುಳವಿರಲಿಲ್ಲ. ಅದೇ ಶುಭಾಂಗಿಗೆ ತಡೆಯದಾಯಿತು. ನಾಲ್ಕು ವರ್ಷ ಅವನನ್ನು ಬದುಕಿಸಿ ಇಟ್ಟುಕೊಂಡಿದ್ದೇನೆ ಎಂದು ತಿಳಿದಿದ್ದಳಲ್ಲ, ಉಪವಾಸ ಕೆಡವಿದ್ದಳು.

"ಮತ್ತ... ಇವತ್ತ?"

"ಈಗ ಬಂದಿತ್ತವ್ವಾ. ಒಂದ ಕಾಗಿ, ಸೋಲಾಪುರದ ಕಡಿಂದ. ಎಲಿ ಮ್ಯಾಲಿಂದ ಎಲ್ಲಾ ತಿಂತು. ಎಲಿ ಸುದ್ದಾ ಕುಟುಕಿ ಕುಟುಕಿ ಹರೀತು." ಕಸ್ತೂರಬಾಯಿ ಮೂಗೆಳೆದುಕೊಂಡು, ಮತ್ತೆ ಹೇಳಿದಳು. "ಭಾಳ ಹಸದಿದ್ದ ನೋಡು, ನನ್ನ ಮಗ."